ಬಯಲಿನಲ್ಲಿ 21, ಬೆಟ್ಟದಲ್ಲಿ 27: ಗಾಲ್ಫ್ ಹ್ಯಾಂಡಿಕ್ಯಾಪ್ ಬದಲಾಗುವುದೇಕೆ?

ಮೈಸೂರು: ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ರೇಸ್‌ಕೋರ್ಸ್‌ಗೆ ಹೊಂದಿಕೊಂಡಿರುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನ ಬಯಲಿನಲ್ಲಿ ಆಡಿ ಪಳಗಿದವರು ವಾರಾಂತ್ಯಕ್ಕೆ ಕೊಡಗಿನತ್ತ ಹೊರಡುವುದು ಹೊಸತೇನಲ್ಲ. ಹುಣಸೂರಿನಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಕವಲು ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿಗೆ ಏರುತ್ತದೆ. ಇನ್ನೊಂದು ತಿತಿಮತಿ, ಗೋಣಿಕೊಪ್ಪಲು ಮಾರ್ಗವಾಗಿ ವಿರಾಜಪೇಟೆ ಕಡೆಗೆ, ಬಿಟ್ಟಂಗಾಲದ ಗಾಲ್ಫ್ ಮೈದಾನದತ್ತ ಸಾಗುತ್ತದೆ. ಈ ಎರಡು ಮೂರು ಗಂಟೆಗಳ ಪ್ರಯಾಣದಲ್ಲಿ ಆಟಗಾರನ ತೋಳಿನ ಬಲ ಹೆಚ್ಚುವುದಿಲ್ಲ, ಕಣ್ಣಿನ ಅಂದಾಜೂ ಕೆಡುವುದಿಲ್ಲ. ಆದರೂ ಅಲ್ಲಿಗೆ ತಲುಪಿ ಸೂಚನಾ ಫಲಕದ ಮುಂದೆ ನಿಂತಾಗ ಅವನಿಗೆ ದೊರೆಯುವ ರಿಯಾಯಿತಿ ಹೊಡೆತಗಳ ಸಂಖ್ಯೆ ಬದಲಾಗಿರುತ್ತದೆ.

ಹೊಸಬರಿಗೆ ಇದು ಅತಿಥಿಗೆ ತೋರಿಸುವ ಔದಾರ್ಯದಂತೆ ಕಾಣಬಹುದು. ಸೋತವರಿಗೆ ಮೋಸದಂತೆಯೂ ಕಾಣುತ್ತದೆ. ಎರಡೂ ಅಲ್ಲ. ಅದರ ಹಿಂದೆ ಒಂದು ಗಣಿತವಿದೆ. ಆ ಗಣಿತದ ತಿರುಳನ್ನು ನಿತ್ಯ ಆಡುವವರಲ್ಲಿಯೂ ಅನೇಕರು ತಪ್ಪಾಗಿ ಗ್ರಹಿಸಿದ್ದಾರೆ.

ಭಾರ ಹೇರುವುದು, ಭಾರ ಇಳಿಸುವುದು

ಹ್ಯಾಂಡಿಕ್ಯಾಪ್ ಎಂಬ ಪದ ಮೈಸೂರಿಗೆ ಗಾಲ್ಫ್‌ಗಿಂತ ಹೆಚ್ಚಾಗಿ ಕುದುರೆ ಜೂಜಿನಿಂದಲೇ ಪರಿಚಿತ. ಹ್ಯಾಂಡಿಕ್ಯಾಪ್ ರೇಸಿನಲ್ಲಿ ಉತ್ತಮ ಕುದುರೆಯ ಬೆನ್ನ ಮೇಲೆ ಹೆಚ್ಚು ತೂಕ ಹೇರುತ್ತಾರೆ, ಸಾಮಾನ್ಯ ಕುದುರೆಗೆ ಕಡಿಮೆ ತೂಕ. ಎಲ್ಲವೂ ಸರಿಸಮಾನವಾಗಿ ಗುರಿ ಮುಟ್ಟುವಂತಾಗಬೇಕು ಎಂಬುದು ಉದ್ದೇಶ. ಗಾಲ್ಫ್‌ನಲ್ಲಿ ಉದ್ದೇಶ ಅದೇ, ದಾರಿ ತಿರುವುಮುರುವು. ಇಲ್ಲಿ ಬಲಶಾಲಿಗೆ ಭಾರ ಹೇರುವುದಿಲ್ಲ. ದುರ್ಬಲನ ಭಾರ ಇಳಿಸುತ್ತಾರೆ. ಹದಿನೆಂಟು ಕುಳಿಗಳಿಗೆ ಒಬ್ಬ 93 ಹೊಡೆತ ಬಳಸಿದ್ದು, ಅವನಿಗೆ 21 ಹೊಡೆತಗಳ ಹ್ಯಾಂಡಿಕ್ಯಾಪ್ ಇದ್ದರೆ ಅವನ ನಿವ್ವಳ ಅಂಕ 72. ಐದು ಹೊಡೆತಗಳ ಹ್ಯಾಂಡಿಕ್ಯಾಪ್ ಇರುವ ನುರಿತ ಆಟಗಾರ 77ರಲ್ಲಿ ಮುಗಿಸಿದರೆ ಅವನದೂ 72. ಇಬ್ಬರೂ ಸಮಬಲ. ಟೆನಿಸ್‌ನಲ್ಲಿಯೋ ಬ್ಯಾಡ್ಮಿಂಟನ್‌ನಲ್ಲಿಯೋ ಇಂತಹ ಇಬ್ಬರು ಎದುರಾದರೆ ಆಟ ಹತ್ತು ನಿಮಿಷದಲ್ಲಿ ಬೇಸರ ಹುಟ್ಟಿಸುತ್ತದೆ. ಗಾಲ್ಫ್‌ನಲ್ಲಿ ತಂದೆ-ಮಗಳು, ನಿವೃತ್ತ ಎಂಜಿನಿಯರ್ ಮತ್ತು ಕಾಲೇಜು ಹುಡುಗ ಒಂದೇ ಸ್ಪರ್ಧೆಯಲ್ಲಿ ಗಂಭೀರವಾಗಿ ಸೆಣಸಲು ಸಾಧ್ಯವಾಗುವುದು ಈ ಒಂದು ಏರ್ಪಾಡಿನಿಂದ.

ವೃತ್ತಿಪರರಿಗೆ ಇದಾವುದೂ ಅನ್ವಯಿಸುವುದಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನಕ್ಕೆ ನಿಂತದ್ದು ಒಂದೇ ಒಂದು ಹೊಡೆತದ ಅಂತರದಿಂದ. ಹೊಡೆತವೊಂದರ ಬೆಲೆ ಎಷ್ಟೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಕ್ಲಬ್ ಮಟ್ಟದ ಸ್ಪರ್ಧೆಗಳಲ್ಲಿ ಮಾತ್ರ ಆಟ ಆರಂಭವಾಗುವ ಮೊದಲೇ ಇಂತಹ ಹೊಡೆತಗಳನ್ನು ಹಂಚಲಾಗುತ್ತದೆ. ಆದ್ದರಿಂದ ಹಂಚಿಕೆ ಸರಿಯಾಗಿರಬೇಕಾದದ್ದು ಅಗತ್ಯ.

ಸೂಚ್ಯಂಕ ಬೇರೆ, ಹೊಡೆತ ಬೇರೆ

ಈಗ ಜಾರಿಯಲ್ಲಿರುವುದು ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ. ಅದಕ್ಕೆ ಮೊದಲು ಅಮೆರಿಕ, ಬ್ರಿಟನ್, ಯುರೋಪ್, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಅರ್ಜೆಂಟೀನ ಹೀಗೆ ಆರು ಪ್ರತ್ಯೇಕ ಪದ್ಧತಿಗಳು ಜಗತ್ತಿನಲ್ಲಿದ್ದವು. ಒಂದೆಡೆಯ 15 ಇನ್ನೊಂದೆಡೆ 15 ಆಗಿರಲೇಬೇಕೆಂಬ ಖಾತರಿ ಇರಲಿಲ್ಲ. 2020ರ ಜನವರಿಯಲ್ಲಿ ಎಲ್ಲವನ್ನೂ ಒಂದುಗೂಡಿಸಿದ ಪದ್ಧತಿ ಚಾಲನೆಗೆ ಬಂದಿತು. ಅದನ್ನು ಮೊದಲ ಹಂತದಲ್ಲಿಯೇ ಅಳವಡಿಸಿಕೊಂಡ ದೇಶಗಳಲ್ಲಿ ಭಾರತವೂ ಒಂದು.

ಈ ಪದ್ಧತಿಯಲ್ಲಿ ಆಟಗಾರನಿಗೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಹ್ಯಾಂಡಿಕ್ಯಾಪ್ ಸೂಚ್ಯಂಕ. ಇದು ಅವನ ಸಾಮರ್ಥ್ಯದ ಅಳತೆ, ದಶಮಾಂಶದಲ್ಲಿರುತ್ತದೆ, ಬೆಂಗಳೂರು, ಮಡಿಕೇರಿ, ಸ್ಕಾಟ್ಲೆಂಡ್ ಎಲ್ಲಿಗೆ ಹೋದರೂ ಅದೇ. ಎರಡನೆಯದು ಕೋರ್ಸ್ ಹ್ಯಾಂಡಿಕ್ಯಾಪ್. ಅಂದು ಆಡುವ ಮೈದಾನದಲ್ಲಿ, ಅಂದು ಆರಿಸಿಕೊಂಡ ಟೀ ಗುರುತಿನಿಂದ ಅವನಿಗೆ ಸಲ್ಲುವ ಹೊಡೆತಗಳ ಸಂಖ್ಯೆ ಅದು. ಹುಣಸೂರು ದಾಟುವಾಗ ಬದಲಾಗುವುದು ಎರಡನೆಯದು ಮಾತ್ರ.

ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸಲು ಪ್ರತಿ ಮೈದಾನವನ್ನೂ ಅಳೆದಿರಬೇಕು. ತರಬೇತಿ ಪಡೆದ ತಂಡವೊಂದು ಟೇಪು, ದೂರಮಾಪಕಗಳೊಂದಿಗೆ ಕುಳಿಯಿಂದ ಕುಳಿಗೆ ನಡೆದು ಈ ಕೆಲಸ ಮಾಡುತ್ತದೆ. ಒಮ್ಮೆ ಮಾಡಿದರೆ ಮುಗಿಯಲಿಲ್ಲ. ಹತ್ತು ವರ್ಷದೊಳಗೆ ಮತ್ತೆ ಅಳೆಯಬೇಕೆಂಬುದು ನಿಯಮ. ಗಿಡಗಳು ಬೆಳೆದು ಮರಗಳಾಗುತ್ತವೆ, ಹೊಸ ಬಂಕರ್ ಬರುತ್ತದೆ, ಕೆರೆಯ ಅಂಚು ಸರಿಯುತ್ತದೆ.

ತಂಡವು ಇಬ್ಬರು ಕಾಲ್ಪನಿಕ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆಯುತ್ತದೆ. ಮೊದಲನೆಯವನು ಯಾವ ರಿಯಾಯಿತಿಯೂ ಬೇಕಿಲ್ಲದ ಪರಿಣತ. ಪರಿಭಾಷೆಯಲ್ಲಿ ಸ್ಕ್ರ್ಯಾಚ್ ಆಟಗಾರ. ಟೀಯಿಂದ ಅವನ ಹೊಡೆತ 250 ಗಜ. 470 ಗಜದ ಕುಳಿಯನ್ನು ಎರಡೇ ಹೊಡೆತದಲ್ಲಿ ತಲುಪಬಲ್ಲ. ಎರಡನೆಯವನು ಸುಮಾರು 20ರ ಹ್ಯಾಂಡಿಕ್ಯಾಪ್‌ನ ಸಾಧಾರಣ ಆಟಗಾರ, ಬೋಗಿ ಆಟಗಾರ. ಅವನ ಹೊಡೆತ 200 ಗಜ. ಎರಡು ಹೊಡೆತಕ್ಕೆ 370 ಗಜ. ಮಹಿಳೆಯರಿಗೆ ಈ ಅಳತೆಗಳು ಬೇರೆ. ಪರಿಣತೆಗೆ 210 ಗಜ, ಸಾಧಾರಣ ಆಟಗಾರ್ತಿಗೆ 150 ಗಜ. ಹೀಗಾಗಿ ಒಂದೇ ಟೀ ಗುರುತಿಗೂ ಪುರುಷರಿಗೊಂದು, ಮಹಿಳೆಯರಿಗೊಂದು ರೇಟಿಂಗ್ ಇರುತ್ತದೆ.

ಪರಿಣತ ತನ್ನ ಒಳ್ಳೆಯ ದಿನಗಳಲ್ಲಿ ಆ ಮೈದಾನವನ್ನು ಎಷ್ಟು ಹೊಡೆತಗಳಲ್ಲಿ ಮುಗಿಸಬಹುದೆಂಬ ಅಂದಾಜೇ ಕೋರ್ಸ್ ರೇಟಿಂಗ್. ಸಾಧಾರಣ ಆಟಗಾರನ ಅಂದಾಜು ಬೋಗಿ ರೇಟಿಂಗ್. ಪಾರ್ ಎಂಬ ಸಂಖ್ಯೆಯನ್ನು ಇದರೊಂದಿಗೆ ಬೆರೆಸಬಾರದು. ಪಾರ್ ಮುಖ್ಯವಾಗಿ ಕುಳಿಯ ಉದ್ದವನ್ನು ನೋಡಿ ಗೊತ್ತುಪಡಿಸಿದ್ದು. ಎರಡು ಮೈದಾನಗಳ ಪಾರ್ 72 ಆಗಿದ್ದರೂ ಒಂದು ಹೂವಿನ ಹಾಸಿಗೆ, ಇನ್ನೊಂದು ಮುಳ್ಳಿನ ಬೇಲಿ ಆಗಿರಬಹುದು.

ಭತ್ತದ ಗದ್ದೆ, ಹೊಗೆಸೊಪ್ಪಿನ ಹೊಲ

ಇಲ್ಲಿಯವರೆಗಿನದು ಸುಲಭ. ಮುಂದೆ ಬರುವ ಸ್ಲೋಪ್ ರೇಟಿಂಗ್ ಎಂಬುದು ಬಹುತೇಕರನ್ನು ಎಡವಿಸುತ್ತದೆ. ಸ್ಲೋಪ್ ಎಂದರೆ ಇಳಿಜಾರು ಎಂದು ತಿಳಿದವರಿದ್ದಾರೆ. ಮೈದಾನದ ಕಷ್ಟದ ಪ್ರಮಾಣ ಎಂದು ತಿಳಿದವರು ಇನ್ನೂ ಹೆಚ್ಚು. ಎರಡೂ ಸರಿಯಲ್ಲ.

ಮೈಸೂರಿಗೂ ಕೊಡಗಿಗೂ ನಡುವಿನ ತಾಲ್ಲೂಕುಗಳ ಬೇಸಾಯವನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಕೆ.ಆರ್.ನಗರದ ಕಾವೇರಿ ನಾಲೆಯ ಕೆಳಗಿನ ಗದ್ದೆಯಲ್ಲಿ ನೀರು ಹೊತ್ತಿಗೆ ಸರಿಯಾಗಿ ಬಂದರೆ ಪಳಗಿದ ರೈತನಿಗೂ ಹೊಸದಾಗಿ ನೇಗಿಲು ಹಿಡಿದವನಿಗೂ ಭತ್ತದ ಇಳುವರಿಯಲ್ಲಿ ಅಂತರ ಇದ್ದೇ ಇರುತ್ತದೆ. ಆದರೆ ಅದಕ್ಕೊಂದು ಮಿತಿ ಇದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆಯ ಕೆಂಪು ಮಣ್ಣಿನಲ್ಲಿ ಮಳೆಯನ್ನೇ ನಂಬಿ ಹೊಗೆಸೊಪ್ಪು ಬೆಳೆಯುವವರ ಕಥೆ ಬೇರೆ. ಸಸಿ ನಾಟಿಯ ದಿನ, ಎಲೆ ಮುರಿಯುವ ಹದ, ಬ್ಯಾರನ್ನಿನೊಳಗಿನ ಕಾವು, ಹಸನು ಮಾಡುವ ಕೈ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬಲ್ಲವನ ಸೊಪ್ಪಿಗೂ ಅರಿಯದವನ ಸೊಪ್ಪಿಗೂ ಹರಾಜು ಕಟ್ಟೆಯಲ್ಲಿ ಸಿಗುವ ಬೆಲೆಯ ಅಂತರ ಹಿಗ್ಗುತ್ತದೆ. ಭತ್ತ ಸುಲಭ, ಹೊಗೆಸೊಪ್ಪು ಕಷ್ಟ ಎಂಬುದು ಇಲ್ಲಿನ ಮಾತಲ್ಲ. ಕೆಲವು ನೆಲ ಪರಿಣತನನ್ನೂ ಸಾಧಾರಣನನ್ನೂ ಹತ್ತಿರ ಇಡುತ್ತದೆ, ಕೆಲವು ನೆಲ ಇಬ್ಬರನ್ನೂ ದೂರ ತಳ್ಳುತ್ತದೆ.

ಸ್ಲೋಪ್ ಅಳೆಯುವುದು ಈ ದೂರವನ್ನು. ಬೋಗಿ ರೇಟಿಂಗ್‌ನಿಂದ ಕೋರ್ಸ್ ರೇಟಿಂಗ್ ಕಳೆದು, ಬಂದ ಅಂತರವನ್ನು ಪುರುಷರಿಗೆ 5.381ರಿಂದ, ಮಹಿಳೆಯರಿಗೆ 4.24ರಿಂದ ಗುಣಿಸಿದರೆ ಸ್ಲೋಪ್ ಸಿಗುತ್ತದೆ. ಅದು ಕನಿಷ್ಠ 55, ಗರಿಷ್ಠ 155. ಪ್ರಮಾಣಿತ ಮೈದಾನಕ್ಕೆ 113. ತೀರಾ ಉದ್ದವಾದರೂ ಬಯಲಾಗಿರುವ, ಅಡೆತಡೆಯಿಲ್ಲದ ಮೈದಾನದ ಕೋರ್ಸ್ ರೇಟಿಂಗ್ ಹೆಚ್ಚಿದ್ದು ಸ್ಲೋಪ್ ಸಾಮಾನ್ಯವಾಗಿರಬಹುದು. ಗಿಡ್ಡದಾದರೂ ಕಾಫಿ ತೋಟ, ಕಣಿವೆ, ಇಕ್ಕಟ್ಟಾದ ಫೇರ್‌ವೇಗಳಿರುವ ಮೈದಾನದಲ್ಲಿ ಪರಿಣತ ಹೇಗೋ ಪಾರಾಗುತ್ತಾನೆ. ಸಾಧಾರಣ ಆಟಗಾರನ ಚೆಂಡು ತೋಟದ ಪಾಲಾಗುತ್ತದೆ. ಅಲ್ಲಿ ಸ್ಲೋಪ್ ಏರುತ್ತದೆ.

ಒಂದು ಲೆಕ್ಕ

ಉದಾಹರಣೆಗಾಗಿ ಎರಡು ಮೈದಾನಗಳನ್ನು ಕಲ್ಪಿಸಿಕೊಳ್ಳಬಹುದು. ಬಯಲಿನ ಮೈದಾನದ ಪಾರ್ 72, ಕೋರ್ಸ್ ರೇಟಿಂಗ್ 71.0, ಸ್ಲೋಪ್ 113. ಬೆಟ್ಟದ ಮೈದಾನದ ಪಾರ್ 70, ಕೋರ್ಸ್ ರೇಟಿಂಗ್ 70.5, ಸ್ಲೋಪ್ 136. ಆಟಗಾರರಿಬ್ಬರು: ವೈದ್ಯರೊಬ್ಬರ ಸೂಚ್ಯಂಕ 6.0, ಅವರ ಗೆಳೆಯ ವಕೀಲರದು 22.0.

ಸೂತ್ರ ಹೀಗಿದೆ: ಸೂಚ್ಯಂಕವನ್ನು ಸ್ಲೋಪ್‌ನಿಂದ ಗುಣಿಸಿ, 113ರಿಂದ ಭಾಗಿಸಿ, ಅದಕ್ಕೆ ಕೋರ್ಸ್ ರೇಟಿಂಗ್ ಮತ್ತು ಪಾರ್ ನಡುವಿನ ವ್ಯತ್ಯಾಸವನ್ನು ಕೂಡಿಸಬೇಕು. ಬಯಲಿನಲ್ಲಿ ವೈದ್ಯರಿಗೆ ಆರರಲ್ಲಿ ಒಂದು ಕಳೆದು 5, ವಕೀಲರಿಗೆ 21. ಅಂತರ 16. ಬೆಟ್ಟದಲ್ಲಿ ವೈದ್ಯರಿಗೆ 7.2ಕ್ಕೆ ಅರ್ಧ ಸೇರಿ 7.7, ಪೂರ್ಣಾಂಕದಲ್ಲಿ 8. ವಕೀಲರಿಗೆ 26.5ಕ್ಕೆ ಅರ್ಧ ಸೇರಿ 27. ಅಂತರ 19. ವೈದ್ಯರಿಗೂ ಮೂರು ಹೊಡೆತ ಹೆಚ್ಚಿತು ನಿಜ. ಆದರೆ ವಕೀಲರಿಗೆ ಆರು ಹೆಚ್ಚಿತು.

ಈ ಪರಿವರ್ತನೆ ಇಲ್ಲದಿದ್ದರೆ ಆಗುವುದೇನು? ಬಯಲಿನ 21ನ್ನೇ ಹೊತ್ತು ಬೆಟ್ಟಕ್ಕೆ ಹೋದ ವಕೀಲರು ಆಡುವ ಮೊದಲೇ ಗೆಳೆಯನಿಗೆ ಮೂರು ಹೊಡೆತ ಬಿಟ್ಟುಕೊಟ್ಟಂತೆ. ಅದಕ್ಕಿಂತಲೂ ದೊಡ್ಡ ಅನ್ಯಾಯ ಎದುರು ದಿಕ್ಕಿನದು. ಬೆಟ್ಟದ ಮೈದಾನದಲ್ಲಿಯೇ ಆಡಿ 27ರ ಹ್ಯಾಂಡಿಕ್ಯಾಪ್ ಗಳಿಸಿದ ಆಟಗಾರ ಬಯಲಿಗೆ ಇಳಿದರೆ, ಕಷ್ಟದ ನೆಲದಲ್ಲಿ ಪಡೆದ ರಿಯಾಯಿತಿಯನ್ನು ಸುಲಭದ ನೆಲದಲ್ಲಿ ಖರ್ಚು ಮಾಡುತ್ತಾನೆ. ಬೆಳ್ಳಿ ಲೋಟ ಅವನ ಮನೆಗೆ ಹೋಗುತ್ತದೆ. ಅಂತರ್‌ಕ್ಲಬ್ ಸ್ಪರ್ಧೆಗಳ ಕೊನೆಗೆ ಹಿಂದೆ ಕೇಳಿಬರುತ್ತಿದ್ದ ಗೊಣಗಾಟದ ಮೂಲ ಇದೇ.

ಮೂರು ಮೂರು ಕಾಸಿನ ಲೆಕ್ಕದಂತೆ ಕಾಣುವ ಈ ವ್ಯತ್ಯಾಸವನ್ನು ಮೊದಲು ಗಣಿತಕ್ಕೆ ಇಳಿಸಿದವರಲ್ಲಿ ಪ್ರಮುಖ ಅಮೆರಿಕದ ನೌಕಾಪಡೆಯ ಅಧಿಕಾರಿ ಡೀನ್ ಕನೂತ್. 1970ರ ದಶಕದ ಕೊನೆಯಲ್ಲಿ ಅಲ್ಲಿನ ನೌಕಾಪಡೆಯ ಸ್ನಾತಕೋತ್ತರ ವಿದ್ಯಾಸಂಸ್ಥೆಯಲ್ಲಿದ್ದಾಗ ಅವರು ಈ ಕಲ್ಪನೆಯನ್ನು ರೂಪಿಸಿದರು. 1980ರ ದಶಕದಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಅದನ್ನು ಹಂತಹಂತವಾಗಿ ಜಾರಿಗೆ ತಂದಿತು. ಇಂದಿನ ವಿಶ್ವ ಪದ್ಧತಿಯ ಬೆನ್ನೆಲುಬು ಅದೇ.

ಅಂಕದಿಂದ ಸೂಚ್ಯಂಕಕ್ಕೆ

ಲೆಕ್ಕ ಹಿಂದುಮುಂದಾಗಿಯೂ ನಡೆಯುತ್ತದೆ. ಬೆಟ್ಟದ ಮೈದಾನದಲ್ಲಿ ವಕೀಲರು 97 ಹೊಡೆತಗಳಲ್ಲಿ ಆಟ ಮುಗಿಸಿದರೆನ್ನಿ. ಅದರಿಂದ 70.5 ಕಳೆದು, 113ರಿಂದ ಗುಣಿಸಿ, 136ರಿಂದ ಭಾಗಿಸಿದರೆ 22.0. ಬಯಲಿನಲ್ಲಿ 93 ಹೊಡೆದರೂ ಬರುವುದು ಅದೇ 22.0. ಎಂದರೆ ಅಲ್ಲಿನ 97 ಇಲ್ಲಿನ 93ಕ್ಕೆ ಸಮ. ವೈದ್ಯರಿಗಾದರೆ ಬೆಟ್ಟದ 78 ಹೆಚ್ಚುಕಡಿಮೆ ಬಯಲಿನ 77ಕ್ಕೆ ಸಮ. ಒಂದೇ ಎರಡು ಮೈದಾನಗಳ ನಡುವೆ ಪರಿಣತನಿಗೆ ಒಂದು ಹೊಡೆತದ ವ್ಯತ್ಯಾಸ, ಸಾಧಾರಣ ಆಟಗಾರನಿಗೆ ನಾಲ್ಕು.

ಹೀಗೆ ಪರಿವರ್ತಿಸಿದ ಇತ್ತೀಚಿನ 20 ಸುತ್ತುಗಳಲ್ಲಿ ಉತ್ತಮವಾದ ಎಂಟರ ಸರಾಸರಿಯೇ ಸೂಚ್ಯಂಕ. ಆದ್ದರಿಂದ ಅದು ಆಟಗಾರನ ಸಾಮಾನ್ಯ ದಿನದ ಚಿತ್ರವಲ್ಲ, ಒಳ್ಳೆಯ ದಿನದ ಚಿತ್ರ. ತನ್ನ ಹ್ಯಾಂಡಿಕ್ಯಾಪ್‌ಗೆ ತಕ್ಕಂತೆ ಪ್ರತಿ ವಾರವೂ ಆಡಲಾಗುತ್ತಿಲ್ಲವೆಂದು ಕೊರಗುವವರು ಇದನ್ನು ಗಮನಿಸಬೇಕು. ಹೊಸಬರು 54 ಕುಳಿಗಳ ಅಂಕ ಸಲ್ಲಿಸಿದರೆ ಸಾಕು, ಸೂಚ್ಯಂಕ ಆರಂಭವಾಗುತ್ತದೆ. ಗರಿಷ್ಠ ಮಿತಿ 54.0.

ಒಂದು ಕುಳಿಯಲ್ಲಿ ಆದ ಅವಘಡ ಇಡೀ ಲೆಕ್ಕವನ್ನು ಕೆಡಿಸದಂತೆಯೂ ತಡೆ ಇದೆ. ಪಾರ್‌ಗೆ ಎರಡು ಸೇರಿಸಿ, ಆ ಕುಳಿಗೆ ದೊರೆಯುವ ರಿಯಾಯಿತಿ ಸೇರಿಸಿದರೆ ಬರುವ ಸಂಖ್ಯೆಗಿಂತ ಹೆಚ್ಚಿನದನ್ನು ಸೂಚ್ಯಂಕಕ್ಕೆ ಪರಿಗಣಿಸುವುದಿಲ್ಲ. ಪಾರ್ ನಾಲ್ಕರ ಕುಳಿಯಲ್ಲಿ ಒಂದು ಹೊಡೆತ ರಿಯಾಯಿತಿ ಇದ್ದವನು ಕಾಫಿ ಗಿಡಗಳ ನಡುವೆ ಹನ್ನೊಂದು ಬಾರಿ ಬೀಸಿದರೂ ಬರೆದುಕೊಳ್ಳುವುದು ಏಳು. ಮೈದಾನದ ಮರ್ಯಾದೆ ಬೇರೆ, ಗಣಿತದ ಮರ್ಯಾದೆ ಬೇರೆ.

ಎತ್ತರ, ಮಳೆ

ಕರ್ನಾಟಕದ ಮಟ್ಟಿಗೆ ಇನ್ನೆರಡು ಸಂಗತಿಗಳು ಮುಖ್ಯ. ಎತ್ತರದ ಪ್ರದೇಶದಲ್ಲಿ ಗಾಳಿ ತೆಳುವಾಗಿದ್ದು ಚೆಂಡು ತುಸು ಹೆಚ್ಚು ದೂರ ಹಾರುತ್ತದೆ. ಸಮುದ್ರಮಟ್ಟದಿಂದ 2,000 ಅಡಿ ದಾಟಿದ ಮೈದಾನಗಳನ್ನು ಅಳೆಯುವಾಗ ಇದನ್ನು ಗಣನೆಗೆ ತೆಗೆದುಕೊಳ್ಳಬೇಕು. ಮೈಸೂರು ಸುಮಾರು 2,500 ಅಡಿ, ಬೆಂಗಳೂರು ಸುಮಾರು 3,000 ಅಡಿ, ಮಡಿಕೇರಿ ಅದಕ್ಕೂ ಮೇಲೆ. ಆದ್ದರಿಂದ ಬೆಂಗಳೂರು, ಮೈಸೂರು, ಕೊಡಗು, ಚಿಕ್ಕಮಗಳೂರಿನ ಆಟಗಾರ ತನ್ನ ಹೊಡೆತದ ದೂರವನ್ನು ನಂಬಿ ಕರಾವಳಿಯ ಊರುಗಳಿಗೆ ಹೋದರೆ ಚೆಂಡು ನಿರೀಕ್ಷೆಗಿಂತ ಮೊದಲೇ ನೆಲ ಮುಟ್ಟುತ್ತದೆ. ಅದಕ್ಕೆ ಕ್ಯಾಡಿಯನ್ನು ಬೈದು ಪ್ರಯೋಜನವಿಲ್ಲ.

ಮಳೆಯದು ಇನ್ನೂ ತೊಡಕಿನ ವಿಷಯ. ಮೈದಾನವನ್ನು ಅಳೆದದ್ದು ಸಾಮಾನ್ಯ ಹವೆಯಲ್ಲಿ. ಆಡುವುದು ಜಡಿಮಳೆಯ ಮರುದಿನ. ಅಂದು ಚೆಂಡು ಬಿದ್ದಲ್ಲಿಯೇ ಹೂತುಕೊಳ್ಳುತ್ತದೆ, ಎಲ್ಲರ ಅಂಕವೂ ಏರುತ್ತದೆ. ಇದಕ್ಕಾಗಿ ಪದ್ಧತಿಯಲ್ಲಿ ದಿನದ ಪರಿಸ್ಥಿತಿಯ ಹೊಂದಾಣಿಕೆ ಎಂಬ ಅಂಶವಿದೆ. ಆ ದಿನ ಆ ಮೈದಾನದಲ್ಲಿ ಕನಿಷ್ಠ ಎಂಟು ಮಂದಿ ಅರ್ಹ ಆಟಗಾರರು ಅಂಕ ಸಲ್ಲಿಸಿದ್ದರೆ, ನಿರೀಕ್ಷೆಗೂ ವಾಸ್ತವಕ್ಕೂ ಇರುವ ಅಂತರವನ್ನು ಕಂಪ್ಯೂಟರ್ ಹೋಲಿಸಿ, ಒಂದು ಹೊಡೆತ ಕಳೆಯುವುದರಿಂದ ಮೂರು ಹೊಡೆತ ಸೇರಿಸುವವರೆಗೆ ತಿದ್ದುಪಡಿ ಮಾಡುತ್ತದೆ. ಎಂಟು ಮಂದಿ ಎಂಬುದೇ ಸಣ್ಣ ಕ್ಲಬ್‌ಗಳಿಗೆ ತೊಂದರೆ. ಆಷಾಢದ ಮಳೆಯಲ್ಲಿ ನಾಲ್ಕೇ ಜನ ಆಡಿದರೆ ಮಳೆ ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡ ನಗರದ ಕ್ಲಬ್‌ಗೆ ಅನುಕೂಲವಾದ ನಿಯಮ ಇದು ಎಂಬ ಆಕ್ಷೇಪ ಎತ್ತಿದರೆ ತಳ್ಳಿಹಾಕುವುದು ಕಷ್ಟ.

ಕೈಚಳಕಕ್ಕೆ ಕಡಿವಾಣ

ಸೂಚ್ಯಂಕ ಹೆಚ್ಚಿದಷ್ಟೂ ರಿಯಾಯಿತಿ ಹೆಚ್ಚು. ಆದ್ದರಿಂದ ದೊಡ್ಡ ಸ್ಪರ್ಧೆಗೆ ಮುನ್ನ ಬೇಕೆಂದೇ ಕೆಟ್ಟದಾಗಿ ಆಡುವುದು, ಚೆನ್ನಾಗಿ ಆಡಿದ ದಿನದ ಅಂಕವನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳುವುದು ಗಾಲ್ಫ್‌ನ ಹಳೆಯ ಕಾಯಿಲೆ. ವಿಶ್ವ ಪದ್ಧತಿ ಇದಕ್ಕೆ ಕೆಲವು ಕಟ್ಟುಗಳನ್ನು ಹಾಕಿದೆ. ಕಳೆದ ಒಂದು ವರ್ಷದ ಕನಿಷ್ಠ ಸೂಚ್ಯಂಕಕ್ಕಿಂತ 3.0ರಷ್ಟು ಏರಿದ ಮೇಲೆ ಏರಿಕೆಯ ವೇಗ ಅರ್ಧಕ್ಕೆ ಇಳಿಯುತ್ತದೆ, 5.0ಕ್ಕೆ ಪೂರ್ತಿ ನಿಲ್ಲುತ್ತದೆ. ತದ್ವಿರುದ್ಧವಾಗಿ, ಒಬ್ಬ ತನ್ನ ಸೂಚ್ಯಂಕಕ್ಕಿಂತ ಏಳು ಅಥವಾ ಹೆಚ್ಚು ಹೊಡೆತಗಳಷ್ಟು ಉತ್ತಮವಾಗಿ ಆಡಿದರೆ ತಕ್ಷಣ ಒಂದು ಕಡಿತ, ಹತ್ತು ದಾಟಿದರೆ ಎರಡು. ಕ್ಲಬ್‌ನ ಹ್ಯಾಂಡಿಕ್ಯಾಪ್ ಸಮಿತಿಗೆ ಸೂಚ್ಯಂಕವನ್ನು ತಿದ್ದುವ ಅಧಿಕಾರವೂ ಇದೆ. ಆದರೆ ಸಲ್ಲಿಸದ ಅಂಕವನ್ನು ಯಾವ ಸೂತ್ರವೂ ಹಿಡಿಯಲಾರದು. ಜೊತೆಗೆ ಆಡಿದವರು ಸಹಿ ಹಾಕುವಾಗ ಮುಲಾಜಿಲ್ಲದೆ ನೋಡಬೇಕು. ಪರಸ್ಪರ ಪರಿಚಿತರೇ ತುಂಬಿರುವ ಊರಿನ ಕ್ಲಬ್‌ಗಳಲ್ಲಿ ಅತಿ ಕಷ್ಟದ ಕೆಲಸ ಇದು.

ವೈಯಕ್ತಿಕ ಸ್ಟ್ರೋಕ್ ಪ್ಲೇ ಸ್ಪರ್ಧೆಗಳಲ್ಲಿ ಕೋರ್ಸ್ ಹ್ಯಾಂಡಿಕ್ಯಾಪ್‌ನ ಶೇ 95ರಷ್ಟನ್ನು ಮಾತ್ರ ನೀಡುವಂತೆ ಶಿಫಾರಸು ಇದೆ. ಮೇಲಿನ ವಕೀಲರಿಗೆ ಆಗ 27ರ ಬದಲು 26 ಸಿಗುತ್ತದೆ. ಅವು ಎಲ್ಲಿ ಸಿಗುತ್ತವೆ ಎಂಬುದನ್ನು ಅಂಕಪಟ್ಟಿಯ ಸ್ಟ್ರೋಕ್ ಇಂಡೆಕ್ಸ್ ಹೇಳುತ್ತದೆ: ಹದಿನೆಂಟೂ ಕುಳಿಗಳಿಗೆ ಒಂದೊಂದು, ಪಟ್ಟಿಯಲ್ಲಿ 1ರಿಂದ 8ರವರೆಗಿನ ಕುಳಿಗಳಲ್ಲಿ ಇನ್ನೊಂದೊಂದು.

ಸಂಖ್ಯೆಯೇ ಇಲ್ಲದವರು

ಇಷ್ಟೆಲ್ಲ ನಾಜೂಕಿನ ತಕ್ಕಡಿಯ ಹೊರಗೆ ಉಳಿದವರೂ ಇದ್ದಾರೆ. ಸೂಚ್ಯಂಕ ಪಡೆಯಲು ಮಾನ್ಯತೆ ಪಡೆದ ಗಾಲ್ಫ್ ಕ್ಲಬ್ ಒಂದರ ಸದಸ್ಯನಾಗಿರಬೇಕು ಎಂಬುದು ನಿಯಮ. ಚೀಲ ಹೊತ್ತು ಪ್ರತಿ ಗ್ರೀನ್‌ನ ಓರೆಕೋರೆಗಳನ್ನು ಬಾಯಿಪಾಠ ಮಾಡಿಕೊಂಡಿರುವ ಕ್ಯಾಡಿಗಳಿಗೆ ಬಿಡುವಿನ ದಿನ ಆಡಲು ಅವಕಾಶ ನೀಡುವ ರೂಢಿ ಅನೇಕ ಕ್ಲಬ್‌ಗಳಲ್ಲಿದೆ. ಅವರಲ್ಲಿ ಸದಸ್ಯರನ್ನು ಲೀಲಾಜಾಲವಾಗಿ ಸೋಲಿಸಬಲ್ಲವರು ಇರುತ್ತಾರೆ. ಸದಸ್ಯತ್ವವಿಲ್ಲದ ಕಾರಣ ಅವರ 74, 75ಗಳು ಎಲ್ಲಿಯೂ ದಾಖಲಾಗುವುದಿಲ್ಲ. ಬಿಡದಿಯ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದು ವೃತ್ತಿಪರ ಆಟಗಾರರಾದ ಎಸ್. ಚಿಕ್ಕರಂಗಪ್ಪ ಅವರಂತಹವರು ಬೆಳಕಿಗೆ ಬಂದದ್ದು ತರಬೇತುದಾರರ ಕಣ್ಣಿಗೆ ಬಿದ್ದದ್ದರಿಂದಲೇ ಹೊರತು ಹ್ಯಾಂಡಿಕ್ಯಾಪ್ ಪಟ್ಟಿಯಿಂದಲ್ಲ.

ನಿಯಮದಲ್ಲಿಯೇ ಒಂದು ಕಿಂಡಿ ಇದೆ. ಹ್ಯಾಂಡಿಕ್ಯಾಪ್ ನಿಯಮಗಳ ಪ್ರಕಾರ ಗಾಲ್ಫ್ ಕ್ಲಬ್ ಎನಿಸಿಕೊಳ್ಳಲು ಸ್ವಂತ ಮೈದಾನ ಇರಲೇಬೇಕೆಂದಿಲ್ಲ. ಸದಸ್ಯರು, ಸಮಿತಿ, ಅಂಕಗಳ ಪರಿಶೀಲನೆಯ ವ್ಯವಸ್ಥೆ ಇದ್ದು ರಾಷ್ಟ್ರೀಯ ಸಂಸ್ಥೆಯ ಮಾನ್ಯತೆ ಸಿಕ್ಕರೆ ಸಾಕು. ಕ್ಯಾಡಿಗಳೇ ಸೇರಿ ಅಂತಹದೊಂದು ಕ್ಲಬ್ ಕಟ್ಟಿಕೊಳ್ಳಲು, ಅಥವಾ ಹುಣಸೂರು, ಪಿರಿಯಾಪಟ್ಟಣದ ಆಸಕ್ತರು ಒಟ್ಟುಗೂಡಲು ಪದ್ಧತಿಯಂತೂ ಅಡ್ಡ ಬರುವುದಿಲ್ಲ. ಮಾನ್ಯತೆ ನೀಡುವ ಅಧಿಕಾರ ಭಾರತೀಯ ಗಾಲ್ಫ್ ಒಕ್ಕೂಟದ್ದು. ಆಡಲು ಮೈದಾನ ಬಿಟ್ಟುಕೊಡುವ ಅಧಿಕಾರ ಈಗಿರುವ ಕ್ಲಬ್‌ಗಳದು.